ಫ್ರಿಜ್‌ನಲ್ಲಿಟ್ಟ ಔಷಧದ ಲೇಬಲ್ ಕಿತ್ತು ಬಂದರೆ ಅದು ನಕಲಿಯೇ? ಬಿಸಿಲಿಗೂ ಚಳಿಗೂ ಅಂಟು ಸೋಲುವುದೇಕೆ?

"ಫ್ರಿಜ್‌ನಿಂದ ತೆಗೆದ ಔಷಧದ ಬಾಟಲಿಯ ಲೇಬಲ್ ಸುಲಭವಾಗಿ ಕಿತ್ತು ಬಂದರೆ ಅದು ಡೂಪ್ಲಿಕೇಟ್ ಔಷಧ. ಅಸಲಿ ಕಂಪನಿಯ ಲೇಬಲ್ ಎಂದಿಗೂ ಕಿತ್ತು ಬರುವುದಿಲ್ಲ. ಎಲ್ಲರಿಗೂ ಶೇರ್ ಮಾಡಿ." ಇಂಥದ್ದೊಂದು ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಅರ್ಧ ಎದ್ದ ಲೇಬಲ್‌ನ ಒಂದು ಫೋಟೋ ಇದ್ದರಂತೂ ನೋಡಿದವರಿಗೆ ಗಾಬರಿಯಾಗುವುದು ಸಹಜ.

ಮೊದಲು ಚಿಕ್ಕ ಉತ್ತರ. ಲೇಬಲ್ ಎದ್ದು ಬಂತು ಎಂಬ ಒಂದೇ ಕಾರಣಕ್ಕೆ ಔಷಧ ನಕಲಿ ಎನ್ನಲಾಗದು. ಅಂಟಿಗೂ ಅದರದೇ ಆದ ತಾಪಮಾನದ ಮಿತಿ ಇದೆ. ಆ ಮಿತಿ ದಾಟಿದರೆ ಹೆಸರಾಂತ ಕಂಪನಿಯ ಲೇಬಲ್ ಕೂಡ ಏಳುತ್ತದೆ. ಆದರೆ ಇದಕ್ಕೊಂದು ಇನ್ನೊಂದು ಮುಖವೂ ಇದೆ. ಲೇಬಲ್ ಪೂರ್ತಿ ಕಳೆದುಹೋದ ಔಷಧವನ್ನು, ಅದು ಅಸಲಿಯೇ ಆಗಿದ್ದರೂ, ಬಳಸಬಾರದು. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಎಂಬುದನ್ನು ನೋಡೋಣ.

ಲೇಬಲ್ ಅಂಟುವುದು ಹೇಗೆ?

ಹಿಂದೆ ಲೇಬಲ್ ಎಂದರೆ ಹಿಂಬದಿಗೆ ಗೋಂದು ಸವರಿದ ಕಾಗದ. ಅಂಚೆಚೀಟಿಯಂತೆ ಅದನ್ನು ನೀರಿನಿಂದ ಒದ್ದೆ ಮಾಡಿ ಅಂಟಿಸಬೇಕಿತ್ತು. ಒಣಗಿದ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತಿತ್ತು. ಇಂದಿನ ಸ್ಟಿಕ್ಕರ್ ಲೇಬಲ್ ಹಾಗಲ್ಲ. ಅಮೆರಿಕದ ಸ್ಟಾಂಟನ್ ಏವರಿ 1935ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತನ್ನಷ್ಟಕ್ಕೆ ಅಂಟುವ ಲೇಬಲ್‌ಗಳ ವ್ಯಾಪಾರ ಶುರು ಮಾಡಿದರು. ನೀರು ಬೇಡ, ಬಿಸಿ ಬೇಡ, ಒಣಗಲು ಕಾಯಬೇಕಿಲ್ಲ. ಹಿಂದಿನ ನುಣುಪು ಕಾಗದ ಬಿಡಿಸಿ ಒತ್ತಿದರೆ ಸಾಕು. ಔಷಧದ ಬಾಟಲಿ, ಉಪ್ಪಿನಕಾಯಿ ಜಾಡಿ, ಕೊರಿಯರ್ ಪಾರ್ಸೆಲ್, ಕಾರಿನ ಫಾಸ್ಟ್ಯಾಗ್, ಹಣೆಯ ಸ್ಟಿಕ್ಕರ್ ಬಿಂದಿ ಎಲ್ಲವೂ ಇದೇ ಜಾತಿಗೆ ಸೇರಿದವು.

ಈ ಅಂಟಿನ ಗುಟ್ಟು ಏನೆಂದರೆ ಅದು ಎಂದಿಗೂ ಒಣಗುವುದಿಲ್ಲ. ಅದು ಪೂರ್ತಿ ದ್ರವವೂ ಅಲ್ಲ, ಪೂರ್ತಿ ಗಟ್ಟಿಯೂ ಅಲ್ಲ. ಹಲಸಿನ ಹಣ್ಣು ಬಿಡಿಸಿದಾಗ ಕೈಗೆ ಹತ್ತುವ ಮೇಣವನ್ನು ನೆನಪಿಸಿಕೊಳ್ಳಿ. ಅದು ನೀರಿನಂತೆ ಹರಿದು ಹೋಗದು, ಕಲ್ಲಿನಂತೆ ಗಟ್ಟಿಯೂ ಆಗದು. ಎಳೆದರೆ ನೂಲಿನಂತೆ ಬರುತ್ತದೆ. ಲೇಬಲ್ ಅಂಟಿನ ಸ್ವಭಾವವೂ ಹೆಚ್ಚುಕಡಿಮೆ ಇದೇ.

ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಬಾಟಲಿಯ ಮೈ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏರುತಗ್ಗಿನಿಂದ ಕೂಡಿರುತ್ತದೆ. ಲೇಬಲ್ ಒತ್ತಿದಾಗ ಅಂಟು ನಿಧಾನವಾಗಿ ಹರಿದು ಆ ತಗ್ಗುಗಳಿಗೆ ಇಳಿಯಬೇಕು. ಹಾಗೆ ಇಳಿದು ಮೇಲ್ಮೈಗೆ ತೀರಾ ಹತ್ತಿರವಾದಾಗ ಮಾತ್ರ ಅಣುಗಳ ನಡುವಿನ ಆಕರ್ಷಣೆ ಕೆಲಸ ಮಾಡುತ್ತದೆ. ಅಂದರೆ ಅಂಟಿಗೆ ಎರಡು ವಿರುದ್ಧ ಗುಣಗಳು ಬೇಕು. ಮೇಲ್ಮೈಗೆ ಇಳಿಯುವಷ್ಟು ಮೆತ್ತಗಿರಬೇಕು. ಎಳೆದಾಗ ಹರಿದುಹೋಗದಷ್ಟು ಗಟ್ಟಿಯೂ ಇರಬೇಕು. ಎಷ್ಟು ಮೆತ್ತಗಿದ್ದರೆ ಅಂಟು ಬೆರಳಿಗೆ ಹಿಡಿಯುತ್ತದೆ ಎಂಬುದಕ್ಕೆ ಕಾರ್ಲ್ ಡಾಲ್‌ಕ್ವಿಸ್ಟ್ ಎಂಬ ವಿಜ್ಞಾನಿ 1960ರ ದಶಕದಲ್ಲೇ ಒಂದು ಅಳತೆ ಹೇಳಿದ್ದರು. ಅಂಟು ತಯಾರಕರು ಇಂದಿಗೂ ಅದನ್ನು ಬಳಸುತ್ತಾರೆ.

ಈ ಸಮತೋಲನವನ್ನು ಕೆಡಿಸುವುದು ತಾಪಮಾನ. ಚಳಿ ಅಂಟನ್ನು ಗಟ್ಟಿಯ ಕಡೆಗೆ ತಳ್ಳುತ್ತದೆ, ಬಿಸಿ ದ್ರವದ ಕಡೆಗೆ ತಳ್ಳುತ್ತದೆ.

ಚಳಿಯಲ್ಲಿ ಏನಾಗುತ್ತದೆ?

ಬಟ್ಟೆಗೆ ಚೂಯಿಂಗ್ ಗಮ್ ಅಂಟಿದಾಗ ಮನೆಯಲ್ಲಿ ಹಿರಿಯರು ಐಸ್ ತುಂಡು ಉಜ್ಜಲು ಹೇಳುತ್ತಾರೆ. ಗಮ್ ಗಟ್ಟಿಯಾಗಿ ಚಕ್ಕೆಯಂತೆ ಉದುರುತ್ತದೆ. ಲೇಬಲ್ ಅಂಟಿಗೂ ಇದೇ ಆಗುತ್ತದೆ.

ರಬ್ಬರ್, ಅಕ್ರಿಲಿಕ್‌ನಂಥ ಪದಾರ್ಥಗಳಲ್ಲಿ ಉದ್ದುದ್ದ ಸರಪಳಿಯಂಥ ಅಣುಗಳಿರುತ್ತವೆ. ಬೆಚ್ಚಗಿದ್ದಾಗ ಅವು ಒಂದರ ಮೇಲೊಂದು ಜಾರುತ್ತ ಇರುತ್ತವೆ. ತಣ್ಣಗಾಗುತ್ತ ಹೋದಂತೆ ಆ ಚಲನೆ ನಿಧಾನವಾಗಿ, ಒಂದು ಹಂತದಲ್ಲಿ ಬಹುತೇಕ ನಿಂತೇ ಹೋಗುತ್ತದೆ. ಆಗ ಪದಾರ್ಥ ಗಾಜಿನಂತೆ ಪೆಡಸಾಗುತ್ತದೆ. ನೈಸರ್ಗಿಕ ರಬ್ಬರ್‌ಗೆ ಈ ಹಂತ ಬರುವುದು ಸುಮಾರು ಮೈನಸ್ 70 ಡಿಗ್ರಿಯಲ್ಲಿ. (ಈ ಲೇಖನದಲ್ಲಿರುವ ಡಿಗ್ರಿಗಳೆಲ್ಲ ಸೆಲ್ಸಿಯಸ್.) ಆದರೆ ಲೇಬಲ್ ಅಂಟಿನಲ್ಲಿ ಬರೀ ರಬ್ಬರ್ ಇರುವುದಿಲ್ಲ. ಜಿಗುಟು ಹೆಚ್ಚಿಸಲು ರಾಳಗಳನ್ನು ಸೇರಿಸುತ್ತಾರೆ. ರಾಳ ಸೇರಿದಷ್ಟೂ ಪೆಡಸಾಗುವ ಹಂತ ಮೇಲಕ್ಕೆ ಬರುತ್ತದೆ. ಹಾಗಾಗಿ ಬೆಚ್ಚಗಿರುವಾಗ ತುಂಬ ಚೆನ್ನಾಗಿ ಹಿಡಿಯುವ ಅಂಟೇ ಫ್ರೀಜರ್‌ನಲ್ಲಿ ಬೇಗ ಸೋಲುವುದುಂಟು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಲೇಬಲ್‌ಗೆ ಎರಡು ಬೇರೆ ಬೇರೆ ತಾಪಮಾನದ ಮಿತಿಗಳಿವೆ. ಒಂದು, ಅಂಟಿಸುವಾಗ ಇರಬೇಕಾದ ಕನಿಷ್ಠ ತಾಪಮಾನ. ಇನ್ನೊಂದು, ಅಂಟಿಸಿದ ಮೇಲೆ ಅದು ತಡೆದುಕೊಳ್ಳುವ ತಾಪಮಾನ. ಸಾಮಾನ್ಯ ಲೇಬಲ್ ಅಂಟುಗಳನ್ನು 5ರಿಂದ 10 ಡಿಗ್ರಿಗಿಂತ ತಣ್ಣಗಿರುವ ವಸ್ತುವಿಗೆ ಹಚ್ಚಬಾರದು ಎಂದು ತಯಾರಕರು ಹೇಳುವುದು ವಾಡಿಕೆ. ಆದರೆ ಅದೇ ಲೇಬಲ್ ಅನ್ನು ಕೋಣೆಯ ತಾಪಮಾನದಲ್ಲಿ ಅಂಟಿಸಿ, ಹಿಡಿಯಲು ಸಮಯ ಕೊಟ್ಟು, ನಂತರ ಫ್ರೀಜರ್‌ಗೆ ಇಟ್ಟರೆ ಮೈನಸ್ ಡಿಗ್ರಿಯಲ್ಲೂ ಉಳಿಯಬಹುದು.

ಕಾರಣ ಸರಳ. ಅಂಟು ಮೊದಲು ಹರಿದು ತಗ್ಗುಗಳಿಗೆ ಇಳಿದಿದ್ದರೆ, ಆಮೇಲೆ ಗಟ್ಟಿಯಾದರೂ ಹಿಡಿತ ಇರುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಡಬ್ಬಿಗೆ ಲೇಬಲ್ ಹಚ್ಚಿದರೆ ಅಂಟಿಗೆ ಹರಿಯಲು ಅವಕಾಶವೇ ಸಿಗುವುದಿಲ್ಲ. ಮೇಲೆ ಮೇಲೆ ತಾಗಿ ಕೂತಿರುತ್ತದೆ ಅಷ್ಟೆ.

ಇನ್ನೊಂದು ಮಾತು: ಚಳಿಯಲ್ಲಿ ಪೆಡಸಾದ ಅಂಟು ಮೆಲ್ಲಗೆ ಜಾರುವುದಿಲ್ಲ, ಆದರೆ ಪೆಟ್ಟು ತಾಳುವುದಿಲ್ಲ. ಫ್ರೀಜರ್‌ನಲ್ಲಿ ಸುಮ್ಮನೆ ಕೂತಿದ್ದಾಗ ಗಟ್ಟಿಯಾಗಿದ್ದ ಲೇಬಲ್, ಡಬ್ಬಿ ಕೈಜಾರಿ ಒಂದಕ್ಕೊಂದು ತಾಗಿದ ಕ್ಷಣ ಚಟ್ಟನೆ ಎದ್ದು ಬರಬಹುದು.

ಬಾಟಲಿ ಬೆವರುವುದೇ ದೊಡ್ಡ ಶತ್ರು

ಮನೆಯ ಫ್ರಿಜ್‌ನ ಕೆಳಭಾಗದಲ್ಲಿ ತಾಪಮಾನ ಸುಮಾರು 2ರಿಂದ 8 ಡಿಗ್ರಿ. ಈ ಚಳಿ ಹೆಚ್ಚಿನ ಅಂಟುಗಳನ್ನು ಪೆಡಸು ಮಾಡುವಷ್ಟು ತೀವ್ರವಲ್ಲ. ಹಾಗಾದರೆ ಫ್ರಿಜ್‌ನಲ್ಲಿಟ್ಟ ಬಾಟಲಿಯ ಲೇಬಲ್ ಏಕೆ ಏಳುತ್ತದೆ? ಹೆಚ್ಚಿನ ಸಲ ಉತ್ತರ: ನೀರು.

ತಣ್ಣನೆಯ ಬಾಟಲಿಯನ್ನು ಹೊರಗೆ ತೆಗೆದಾಗ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಗಾಳಿಯ ತೇವ ಹೆಚ್ಚು, ಬಾಟಲಿ ಬೆವರುವುದೂ ಹೆಚ್ಚು. ಬೇಸಿಗೆಯ ಕಲಬುರಗಿಯ ಒಣಗಾಳಿಯಲ್ಲಿ ಅಷ್ಟು ಬೆವರುವುದಿಲ್ಲ. ಕಾಗದದ ಲೇಬಲ್ ಈ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಅಂಚುಗಳು ಸುರುಳಿಯಾಗುತ್ತವೆ. ಆ ಅಂಚಿನ ಸಂದಿನಿಂದ ನೀರು ಒಳಗೆ ನುಗ್ಗುತ್ತದೆ. ದಿನಕ್ಕೆ ಮೂರು ಸಲ ಔಷಧ ತೆಗೆದು ಇಟ್ಟರೆ ಮೂರು ಸಲ ಬೆವರು, ಮೂರು ಸಲ ಒಣಗು. ಆಗಾಗ ಕರೆಂಟ್ ಹೋಗುವ ಊರಾದರೆ ಫ್ರಿಜ್ ಒಳಗೇ ಈ ಆಟ ನಡೆಯುತ್ತದೆ. ಒಂದು ವಾರದಲ್ಲಿ ಲೇಬಲ್ ಮೂಲೆ ಎದ್ದರೆ ಆಶ್ಚರ್ಯವಿಲ್ಲ.

ಬೆವರಿದ ಅಥವಾ ಹಿಮ ಕಟ್ಟಿದ ಡಬ್ಬಿಗೆ ಹೊಸ ಲೇಬಲ್ ಹಚ್ಚಿದರೆ ಇನ್ನೂ ಕಷ್ಟ. ಅಂಟು ಹಿಡಿಯುವುದು ಡಬ್ಬಿಯನ್ನಲ್ಲ, ಅದರ ಮೇಲಿರುವ ನೀರಿನ ಪದರವನ್ನು. ನೀರು ಜಾರಿದರೆ ಲೇಬಲ್ಲೂ ಜಾರಿತು.

ಪ್ಲಾಸ್ಟಿಕ್ ಡಬ್ಬಿ ಕುಗ್ಗುತ್ತದೆ, ಲೇಬಲ್ ಕುಗ್ಗುವುದಿಲ್ಲ

ಹೆಚ್ಚಿನ ವಸ್ತುಗಳು ತಣ್ಣಗಾದಾಗ ಕುಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಲ್ಲ. ಗಾಜು ಬಹಳ ಕಡಿಮೆ ಕುಗ್ಗುತ್ತದೆ. ಹಾಲಿನ ಕ್ಯಾನ್, ಶಾಂಪೂ ಬಾಟಲಿಗಳಲ್ಲಿ ಬಳಸುವ ಪಾಲಿಥಿನ್ ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು ಕುಗ್ಗುತ್ತದೆ.

ಒಂದು ಲೆಕ್ಕ ನೋಡಿ. 10 ಸೆಂಟಿಮೀಟರ್ ಉದ್ದದ ಲೇಬಲ್ ಇರುವ ಪಾಲಿಥಿನ್ ಡಬ್ಬಿಯನ್ನು 30 ಡಿಗ್ರಿಯಿಂದ ಮೈನಸ್ 20 ಡಿಗ್ರಿಗೆ ತಣಿಸಿದರೆ, ಲೇಬಲ್ ಕೆಳಗಿನ ಪ್ಲಾಸ್ಟಿಕ್ ಸುಮಾರು ಮುಕ್ಕಾಲು ಮಿಲಿಮೀಟರ್ ಕುಗ್ಗುತ್ತದೆ. ಅದೇ ಅಳತೆಯ ಸಾಮಾನ್ಯ ಗಾಜು ಕುಗ್ಗುವುದು 0.05 ಮಿಲಿಮೀಟರ್‌ಗಿಂತ ಕಡಿಮೆ. ಮುಕ್ಕಾಲು ಮಿಲಿಮೀಟರ್ ಎಂದರೆ ಅಲ್ಪ ಅನಿಸಬಹುದು. ಆದರೆ ಅಂಟಿನ ಪದರ ಇರುವುದೇ ಕೂದಲೆಳೆಗಿಂತ ತೆಳ್ಳಗೆ. ಅದು ಮೆತ್ತಗಿದ್ದರೆ ಈ ಎಳೆದಾಟವನ್ನು ತಾಳಿಕೊಳ್ಳುತ್ತದೆ. ಚಳಿಗೆ ಪೆಡಸಾಗಿದ್ದರೆ ಅಂಚಿನಿಂದ ಬಿರುಕು ಬಿಡುತ್ತ ಬರುತ್ತದೆ.

ಜೊತೆಗೆ ಪಾಲಿಥಿನ್, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗಳಿಗೆ ಅಂಟು ಹಿಡಿಯುವುದೇ ಕಷ್ಟ. ಅವುಗಳ ಮೇಲೆ ನೀರು ಹಾಕಿದರೆ ಹರಡದೆ ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ. ನೀರು ಹರಡದ ಕಡೆ ಅಂಟೂ ಸುಲಭವಾಗಿ ಹರಡುವುದಿಲ್ಲ. ನಾನ್‌ಸ್ಟಿಕ್ ತವಾಕ್ಕೆ ದೋಸೆ ಹಿಡಿಯದಿರುವುದಕ್ಕೂ ಇದೇ ಬಗೆಯ ಕಾರಣ. ಇಂಜೆಕ್ಷನ್ ಔಷಧದ ಪುಟ್ಟ ಗಾಜಿನ ಸೀಸೆಗಳಲ್ಲಿ ಇನ್ನೊಂದು ತೊಂದರೆ: ಸೀಸೆ ಸಣ್ಣದಾದಷ್ಟೂ ಲೇಬಲ್ ಹೆಚ್ಚು ಬಾಗಬೇಕು. ಬಾಗಿದ ಕಾಗದ ಮತ್ತೆ ನೇರವಾಗಲು ಸದಾ ಹವಣಿಸುತ್ತಿರುತ್ತದೆ. ಅಂಟು ಸ್ವಲ್ಪ ಸಡಿಲವಾದರೆ ಸಾಕು, ಅಂಚು ಬಾವುಟದಂತೆ ಎದ್ದು ನಿಲ್ಲುತ್ತದೆ.

ಬಿಸಿಲಿನಲ್ಲಿ ಏನಾಗುತ್ತದೆ?

ಬಿಸಿಯ ಕಥೆ ತಿರುಗುಮುರುಗು. ಇಲ್ಲಿ ಅಂಟು ಜೋನಿಬೆಲ್ಲದಂತೆ ಮೆತ್ತಗಾಗುತ್ತದೆ. ಮೇಲ್ಮೈಗೆ ಚೆನ್ನಾಗಿಯೇ ಹಿಡಿದಿರುತ್ತದೆ, ಆದರೆ ತನ್ನೊಳಗಿನ ಗಟ್ಟಿತನ ಕಳೆದುಕೊಳ್ಳುತ್ತದೆ. ಲೇಬಲ್ ಭಾರಕ್ಕೆ ಮೆಲ್ಲಗೆ ಕೆಳಗೆ ಜಾರುತ್ತದೆ. ಅಂಚಿನಿಂದ ಅಂಟು ಹೊರಗೆ ಒಸರಿ ಧೂಳು ಹಿಡಿದು ಕಪ್ಪಗಿನ ಗೆರೆಯಾಗುತ್ತದೆ. ಕಿತ್ತರೆ ಅರ್ಧ ಅಂಟು ಬಾಟಲಿಯಲ್ಲಿ, ಅರ್ಧ ಕಾಗದದಲ್ಲಿ ಉಳಿಯುತ್ತದೆ. ರಬ್ಬರ್ ಆಧಾರಿತ ಅಂಟುಗಳಲ್ಲಿ ಇದು ಬೇಗ ಕಾಣುತ್ತದೆ. ಅಕ್ರಿಲಿಕ್ ಅಂಟುಗಳು ಹೆಚ್ಚು ಬಿಸಿ ತಾಳುತ್ತವೆ. ಅತಿ ಹೆಚ್ಚು ಬಿಸಿಗೆ ಸಿಲಿಕೋನ್ ಅಂಟು ಬಳಸುತ್ತಾರೆ, ಆದರೆ ಅದು ದುಬಾರಿ.

"ನಮ್ಮ ಊರಲ್ಲಿ 40 ಡಿಗ್ರಿ ತಾನೇ, ಅಂಟು ಕರಗುವಷ್ಟು ಬಿಸಿ ಎಲ್ಲಿದೆ?" ಎಂದು ಕೇಳಬಹುದು. ಗಾಳಿಯ ತಾಪಮಾನ ಬೇರೆ, ಬಿಸಿಲಿಗೆ ಬಿದ್ದ ವಸ್ತುವಿನ ತಾಪಮಾನ ಬೇರೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 38 ಡಿಗ್ರಿಗಿಂತ ಹೆಚ್ಚು ಸೆಖೆಯಿದ್ದ ದಿನಗಳಲ್ಲಿ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಮುಟ್ಟಿತ್ತು. ಕಾರಿನ ಒಳಗಿನ ಗಾಳಿ ಸರಾಸರಿ 47 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ 40 ಡಿಗ್ರಿ ದಾಟುವುದು ಹೊಸದಲ್ಲ. ಅಂಥ ಕಾರಿನಲ್ಲಿ ಬಿಟ್ಟ ಔಷಧದ ಲೇಬಲ್ ಜಾರಿದರೆ, ಲೇಬಲ್‌ಗಿಂತ ಒಳಗಿನ ಔಷಧದ ಬಗ್ಗೆ ಹೆಚ್ಚು ಚಿಂತಿಸಬೇಕು.

ಬಿಸಿಲಿನ ನೇರಳಾತೀತ ಕಿರಣಗಳು ಮತ್ತು ಗಾಳಿಯ ಆಮ್ಲಜನಕ ಸೇರಿ ರಬ್ಬರ್ ಅಂಟನ್ನು ಹಳದಿಯಾಗಿಸಿ, ಒಣಗಿದ ಮೇಣದಂತೆ ಪುಡಿಪುಡಿ ಮಾಡುತ್ತವೆ. ಹಳೆಯ ಪುಸ್ತಕಕ್ಕೆ ಹಚ್ಚಿದ ಸೆಲ್ಲೋಟೇಪ್ ಹಳದಿಯಾಗಿ ಉದುರುವುದನ್ನು ನೋಡಿರುತ್ತೀರಿ. ಅದು ಇದೇ.

ಬಿಸಿಗೆ ಅಂಟು ಮಾತ್ರವಲ್ಲ, ಅಕ್ಷರವೂ ಸೋಲುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ತೂಗಿ ಹಚ್ಚುವ ಚೀಟಿ, ಹಲವು ಕೊರಿಯರ್ ಲೇಬಲ್‌ಗಳು ಶಾಯಿಯಿಂದ ಅಚ್ಚಾದವಲ್ಲ. ಅವು ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಬಿಸಿ ಡ್ಯಾಶ್‌ಬೋರ್ಡ್‌ನಲ್ಲಿಟ್ಟರೆ ಇಡೀ ಚೀಟಿ ಕಪ್ಪಾಗಬಹುದು, ಬಿಸಿಲಿಗೆ ಬಿಟ್ಟರೆ ಅಕ್ಷರ ಮಾಸಬಹುದು. ಅಂಥ ಲೇಬಲ್‌ನಲ್ಲಿ ಅವಧಿ ಮುಗಿಯುವ ದಿನಾಂಕ ಇದ್ದರೆ ಅದನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೈನಸ್ 30, ಮೈನಸ್ 196: ಅಲ್ಲಿ ಲೇಬಲ್ ಹೇಗೆ ಉಳಿಯುತ್ತದೆ?

ರಕ್ತನಿಧಿಗಳಲ್ಲಿ ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಶೇಖರಿಸುತ್ತಾರೆ. ರೋಗಿಗೆ ಬೇಕಾದಾಗ ಸುಮಾರು 37 ಡಿಗ್ರಿಯ ನೀರಿನಲ್ಲಿಟ್ಟು ಕರಗಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ 67 ಡಿಗ್ರಿಯ ಏರಿಕೆ, ಜೊತೆಗೆ ನೀರು. ಆ ಚೀಲದ ಮೇಲಿನ ಲೇಬಲ್‌ನಲ್ಲಿ ರಕ್ತದ ಗುಂಪು ಮತ್ತು ಚೀಲದ ಸಂಖ್ಯೆ ಇರುತ್ತದೆ. ಅದು ಎದ್ದು ಇನ್ನೊಂದು ಚೀಲಕ್ಕೆ ಅಂಟಿಕೊಂಡರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಇಲ್ಲಿ ಕಿರಾಣಿ ಅಂಗಡಿಯ ಸ್ಟಿಕ್ಕರ್ ನಡೆಯುವುದಿಲ್ಲ. ಇಂಥ ಕೆಲಸಕ್ಕೆಂದೇ ಅಂಟು, ಕಾಗದ ಮತ್ತು ಶಾಯಿಯನ್ನು ಆರಿಸಿ ಪರೀಕ್ಷಿಸುತ್ತಾರೆ.

ಪ್ರಯೋಗಾಲಯಗಳ ಡೀಪ್ ಫ್ರೀಜರ್‌ಗಳಲ್ಲಿ ಕಾಗದದ ಬದಲು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆಯ ಲೇಬಲ್ ಬಳಸುತ್ತಾರೆ. ಅದಕ್ಕೊಂದು ಜಾಣ ಉಪಾಯವೂ ಇದೆ. ಲೇಬಲ್‌ಗೆ ಉದ್ದನೆಯ ಪಾರದರ್ಶಕ ಬಾಲ ಇರುತ್ತದೆ. ಅದನ್ನು ಕೊಳವೆಯ ಸುತ್ತ ಪೂರ್ತಿ ಸುತ್ತಿ ತನ್ನ ಮೇಲೆ ತಾನೇ ಅಂಟುವಂತೆ ಮಾಡುತ್ತಾರೆ. ಕೊಳವೆಯಿಂದ ಅಂಟು ಬಿಟ್ಟರೂ ಲೇಬಲ್ ಬಳೆಯಂತೆ ಅಲ್ಲೇ ಉಳಿಯುತ್ತದೆ. ಬರೆದ ಅಕ್ಷರದ ಮೇಲೂ ಪಾರದರ್ಶಕ ಹೊದಿಕೆ ಬೀಳುತ್ತದೆ.

ಅದಕ್ಕಿಂತ ತೀವ್ರ ಚಳಿ ದ್ರವ ಸಾರಜನಕದ್ದು: ಮೈನಸ್ 196 ಡಿಗ್ರಿ. ಹಸು, ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ನಳಿಕೆಗಳನ್ನು ಇದರಲ್ಲೇ ಇಡುತ್ತಾರೆ. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಇಂಥ ನಳಿಕೆ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ನಿಮ್ಮ ಊರಿಗೆ ಬರುವ ಪಶುವೈದ್ಯರ ಕೈಯಲ್ಲಿರುವ ಆ ಪುಟ್ಟ ನಳಿಕೆಯನ್ನು ಗಮನಿಸಿ. ಅದಕ್ಕೆ ಲೇಬಲ್ಲೇ ಇರುವುದಿಲ್ಲ. ಹೋರಿಯ ಸಂಖ್ಯೆ, ತಳಿ ಮೊದಲಾದ ವಿವರಗಳನ್ನು ನಳಿಕೆಯ ಮೇಲೇ ನೇರವಾಗಿ ಮುದ್ರಿಸಿರುತ್ತಾರೆ. ಅಂಟು ನಿಲ್ಲುವುದು ಕಷ್ಟವಾದ ಕಡೆ ಅಂಟನ್ನೇ ಬಿಟ್ಟುಬಿಡುವುದು ಒಳ್ಳೆಯ ಪರಿಹಾರ.

ಬಿಸಿಯ ಲೆಕ್ಕ ಇಡುವ ಲೇಬಲ್

ಮಕ್ಕಳಿಗೆ ಲಸಿಕೆ ಹಾಕಿಸಲು ಅಂಗನವಾಡಿಗೋ ಆರೋಗ್ಯ ಕೇಂದ್ರಕ್ಕೋ ಹೋದಾಗ ಲಸಿಕೆ ಸೀಸೆಯ ಮೇಲೆ ಒಂದು ಚಿಕ್ಕ ಬಣ್ಣದ ವೃತ್ತ, ಅದರೊಳಗೆ ಒಂದು ಚೌಕ ಇರುವುದನ್ನು ನೋಡಬಹುದು. ಇದನ್ನು ವ್ಯಾಕ್ಸಿನ್ ವಯಲ್ ಮಾನಿಟರ್, ಚುಟುಕಾಗಿ ವಿವಿಎಂ ಎನ್ನುತ್ತಾರೆ. 1996ರಲ್ಲಿ ಪೋಲಿಯೊ ಹನಿಯ ಸೀಸೆಗಳೊಂದಿಗೆ ಇದು ಬಳಕೆಗೆ ಬಂತು.

ಒಳಗಿನ ಚೌಕದಲ್ಲಿರುವ ರಾಸಾಯನಿಕ ಬಿಸಿ ತಾಗಿದಷ್ಟೂ ಕಪ್ಪಾಗುತ್ತ ಹೋಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಓದುವುದು ಸುಲಭ:

• ಒಳಚೌಕ ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ, ಮತ್ತು ಅವಧಿ ಮುಗಿದಿಲ್ಲದಿದ್ದರೆ, ಲಸಿಕೆ ಬಳಸಬಹುದು.
• ಒಳಚೌಕ ಹೊರವೃತ್ತದಷ್ಟೇ ಕಪ್ಪಾಗಿದ್ದರೆ ಅಥವಾ ಇನ್ನೂ ಕಪ್ಪಾಗಿದ್ದರೆ, ಬಳಸಬಾರದು.

ಒಂದು ಎಚ್ಚರಿಕೆ: ವಿವಿಎಂ ಬಿಸಿಯನ್ನು ಮಾತ್ರ ತೋರಿಸುತ್ತದೆ. ಲಸಿಕೆ ಹೆಪ್ಪುಗಟ್ಟಿ ಕೆಟ್ಟಿದ್ದರೆ ಅದು ಹೇಳುವುದಿಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿದರೆ ಹಾಳು. ಅದಕ್ಕೇ ಆರೋಗ್ಯ ಸಿಬ್ಬಂದಿ ಐಸ್ ಪ್ಯಾಕ್‌ಗಳನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಕ್ಯಾರಿಯರ್‌ಗೆ ಹಾಕುವುದಿಲ್ಲ. ಅವು ಸ್ವಲ್ಪ ಬೆವರುವವರೆಗೆ ಕಾಯುತ್ತಾರೆ.

ಈ ಕ್ಯಾರಿಯರ್‌ನಲ್ಲಿ ಲಸಿಕೆ ಸೀಸೆಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿರುವುದನ್ನೂ ಗಮನಿಸಿ. ಐಸ್ ಪ್ಯಾಕ್‌ನ ನೀರಿಗೆ ಲೇಬಲ್ ನೆನೆದು ಕಿತ್ತುಹೋಗಬಾರದು ಎಂಬುದು ಅದರ ಒಂದು ಉದ್ದೇಶ. ಲೇಬಲ್ ಇಲ್ಲದ, ಹರಿದ ಅಥವಾ ಓದಲಾಗದ ಸೀಸೆಯನ್ನು ಬಳಸಬಾರದು ಎಂದು ನಮ್ಮ ದೇಶದ ಲಸಿಕಾ ಕಾರ್ಯಕ್ರಮದ ನಿಯಮವೇ ಹೇಳುತ್ತದೆ. ನೆನಪಿಡಿ, ಅಲ್ಲಿ ಯಾರೂ ಆ ಸೀಸೆಯನ್ನು ನಕಲಿ ಎನ್ನುತ್ತಿಲ್ಲ. ಅದು ಯಾವುದು, ಯಾವ ಬ್ಯಾಚ್, ಅವಧಿ ಎಂದು ಮುಗಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಬಳಸುವುದು ಅಪಾಯ, ಅಷ್ಟೆ.

ಹಾಗಾದರೆ ಅನುಮಾನ ಬಂದಾಗ ಏನು ನೋಡಬೇಕು?

ಅಂಟು ಎಷ್ಟು ಗಟ್ಟಿ ಎಂದು ಎಳೆದು ನೋಡುವುದರಿಂದ ಏನೂ ಗೊತ್ತಾಗದು. ನಕಲಿ ಮಾಡುವವರಿಗೂ ಗಟ್ಟಿ ಅಂಟು ಮಾರುಕಟ್ಟೆಯಲ್ಲಿ ಸಿಗುತ್ತದೆ. ನೋಡಬೇಕಾದದ್ದು ಇವು:

1. ಹೊರಪೆಟ್ಟಿಗೆ ಮತ್ತು ಒಳಗಿನ ಬಾಟಲಿ ಎರಡರಲ್ಲೂ ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ಒಂದೇ ಇದೆಯೇ?
2. ಮುಚ್ಚಳದ ಸೀಲ್ ಒಡೆದಿದೆಯೇ?
3. ದಿನಾಂಕ ಅಥವಾ ಬೆಲೆಯ ಮೇಲೆ ಇನ್ನೊಂದು ಸ್ಟಿಕ್ಕರ್ ಇದೆಯೇ? ಕೆಳಗೆ ಹಳೆಯ ಮುದ್ರಣ ಕಾಣುತ್ತಿದೆಯೇ?
4. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಅದರಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳು ಬರಬೇಕು.
5. ಬಿಲ್ ತೆಗೆದುಕೊಳ್ಳಿ. ಬಿಲ್‌ನಲ್ಲಿರುವ ಬ್ಯಾಚ್ ಸಂಖ್ಯೆ ಬಾಟಲಿಯದ್ದೇ ಇರಬೇಕು.

ಆಹಾರ ಪೊಟ್ಟಣಗಳ ವಿಷಯದಲ್ಲಿ, ಲೇಬಲ್ ಪೊಟ್ಟಣದಿಂದ ಬೇರ್ಪಡದಂತೆ ಹಚ್ಚಿರಬೇಕು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಪೊಟ್ಟಣದ ಸರಕುಗಳ ಮೇಲೆ ವಿವರ ಬದಲಿಸಲು ಬಿಡಿ ಸ್ಟಿಕ್ಕರ್ ಹಚ್ಚುವಂತಿಲ್ಲ. ಬೆಲೆ ಇಳಿಸಿದ್ದರೆ ಹೊಸ ಕಡಿಮೆ ಬೆಲೆಯ ಸ್ಟಿಕ್ಕರ್ ಹಚ್ಚಬಹುದು, ಆದರೆ ಅದು ಮೂಲ ಬೆಲೆಯನ್ನು ಮುಚ್ಚಬಾರದು. ದಿನಾಂಕದ ಮೇಲೆ ಹೊಸ ಸ್ಟಿಕ್ಕರ್ ಕಂಡರೆ ಖರೀದಿಸಬೇಡಿ, ಅಂಗಡಿಯವರನ್ನು ಪ್ರಶ್ನಿಸಿ.

ಲೇಬಲ್ ಕಳೆದುಹೋದರೆ ನಿಜವಾದ ಅಪಾಯ ಎಲ್ಲಿ?

ಮಗುವಿಗೆ ಕೊಡುವ ಪುಡಿ ರೂಪದ ಆಂಟಿಬಯಾಟಿಕ್‌ಗೆ ನೀರು ಬೆರೆಸಿದ ಮೇಲೆ ಅದನ್ನು ಕೆಲವೇ ದಿನ ಬಳಸಬಹುದು. ಹೆಚ್ಚಾಗಿ ಒಂದರಿಂದ ಎರಡು ವಾರ. ಎಷ್ಟು ಎಂಬುದು ಬಾಟಲಿಯ ಮೇಲೇ ಬರೆದಿರುತ್ತದೆ. ಬೆರೆಸಿದ ದಿನಾಂಕ ಬರೆದ ಚೀಟಿ ಫ್ರಿಜ್‌ನಲ್ಲಿ ಉದುರಿಹೋದರೆ ಮುಂದಿನ ತಿಂಗಳು ಅದೇ ಬಾಟಲಿಯನ್ನು ಇನ್ನೊಂದು ಜ್ವರಕ್ಕೆ ಕೊಡುವ ಸಾಧ್ಯತೆ ಇದೆ. ಇನ್ಸುಲಿನ್ ಬಳಸುವವರ ಮನೆಯಲ್ಲಿ ಎರಡು ಬಗೆಯ ಇನ್ಸುಲಿನ್ ಇರುವುದುಂಟು. ಒಂದು ಬೇಗ ಕೆಲಸ ಮಾಡುವುದು, ಇನ್ನೊಂದು ನಿಧಾನವಾಗಿ. ಲೇಬಲ್ ಹೋಗಿ ಅದಲುಬದಲಾದರೆ ಸಕ್ಕರೆ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ಸುಲಿನ್ ಹೆಪ್ಪುಗಟ್ಟಿದರೆ, ಲೇಬಲ್ ಎಷ್ಟೇ ಚೆನ್ನಾಗಿರಲಿ, ಅದನ್ನು ಬಳಸುವಂತಿಲ್ಲ.

ಹಳ್ಳಿಗಳಲ್ಲಿ ಇನ್ನೂ ದೊಡ್ಡ ಅಪಾಯ ಕೀಟನಾಶಕದ್ದು. ತಗಡಿನ ಮನೆಯ ಬಿಸಿಗೆ, ಮಳೆಗಾಲದ ತೇವಕ್ಕೆ ಡಬ್ಬಿಯ ಲೇಬಲ್ ಕಿತ್ತುಹೋಗುತ್ತದೆ. ನಮ್ಮ ದೇಶದಲ್ಲಿ ಕೀಟನಾಶಕದ ಲೇಬಲ್ ಮೇಲೆ ವಿಷದ ತೀವ್ರತೆಯನ್ನು ಬಣ್ಣದಿಂದ ತೋರಿಸುತ್ತಾರೆ: ಕೆಂಪು ಎಂದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಯಾರಾದರೂ ತಪ್ಪಿ ಕುಡಿದರೆ ಯಾವ ವಿಷ ಎಂದು ವೈದ್ಯರಿಗೆ ತಿಳಿಸುವುದೂ ಆ ಲೇಬಲ್ಲೇ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ ಎನ್ನುವುದು ಇದಕ್ಕೇ. ಲೇಬಲ್ ಹೋದ ಡಬ್ಬಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೀಟನಾಶಕವನ್ನು ನೀರಿನ ಬಾಟಲಿ, ತಂಪುಪಾನೀಯದ ಬಾಟಲಿಗೆ ಎಂದಿಗೂ ತುಂಬಿಡಬೇಡಿ.

ಲೇಬಲ್ ಗಟ್ಟಿಯಾಗಿ ನಿಲ್ಲಲು ಮನೆಯಲ್ಲಿ ಏನು ಮಾಡಬಹುದು?

• ಫ್ರಿಜ್‌ಗೆ ಇಡುವ ಮೊದಲೇ, ಡಬ್ಬಿ ಕೋಣೆಯ ತಾಪಮಾನದಲ್ಲಿ ಇರುವಾಗ ಅಂಟಿಸಿ.
• ಎಣ್ಣೆ, ಧೂಳು, ನೀರು ಇಲ್ಲದಂತೆ ಒಣಬಟ್ಟೆಯಲ್ಲಿ ಒರೆಸಿ.
• ಮಧ್ಯದಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಉಜ್ಜಿ ಒತ್ತಿ. ಈ ಅಂಟಿಗೆ ಒತ್ತಡವೇ ಜೀವ.
• ಸಾಧ್ಯವಾದರೆ ಒಂದು ದಿನ ಬಿಟ್ಟು ಫ್ರೀಜರ್‌ಗೆ ಇಡಿ. ಅಕ್ರಿಲಿಕ್ ಅಂಟಿನ ಹಿಡಿತ ಮೊದಲ ಒಂದೆರಡು ದಿನ ಹೆಚ್ಚುತ್ತಲೇ ಹೋಗುತ್ತದೆ. ಫ್ರಿಜ್‌ನಲ್ಲೇ ಇಡಬೇಕಾದ ಔಷಧಕ್ಕೆ ಮಾತ್ರ ಹೀಗೆ ಕಾಯಬೇಡಿ.
• ಲೇಬಲ್ ಮೇಲೆ ಪಾರದರ್ಶಕ ಟೇಪ್ ಅನ್ನು ಬಾಟಲಿ ಸುತ್ತ ಪೂರ್ತಿ ಸುತ್ತಿ, ತುದಿ ತನ್ನ ಮೇಲೆ ತಾನೇ ಕೂರುವಂತೆ ಅಂಟಿಸಿ.
• ಬಾಟಲಿ ತೆರೆದ ದಿನಾಂಕವನ್ನು ನೀರಿಗೆ ಅಳಿಸದ ಮಾರ್ಕರ್‌ನಿಂದ ಬರೆಯಿರಿ. ಔಷಧದ ಹೊರಪೆಟ್ಟಿಗೆಯನ್ನು ಎಸೆಯಬೇಡಿ.
• ಔಷಧ ತಂದ ದಿನವೇ ಲೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೆರಡು ಸಾಮಾನ್ಯ ಪ್ರಶ್ನೆಗಳು

*ಹೇರ್ ಡ್ರೈಯರ್ ಬಿಸಿಗೆ ಲೇಬಲ್ ಸಲೀಸಾಗಿ ಬರುತ್ತದೆ ಎನ್ನುವುದು ನಿಜವೇ?* ನಿಜ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ಖಾಲಿ ಜಾಡಿಗೆ ಈ ಉಪಾಯ ಸರಿ. ಔಷಧ ತುಂಬಿದ ಬಾಟಲಿಗೆ ಬೇಡ.

*ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಹೋಗುತ್ತದೆಯೇ?* ಹೆಚ್ಚಿನ ಸಲ ಹೋಗುತ್ತದೆ. ಹಲಸಿನ ಮೇಣ ಹತ್ತಬಾರದೆಂದು ಕೈಗೆ ಎಣ್ಣೆ ಸವರಿಕೊಳ್ಳುವ ಹಾಗೆಯೇ. ಎಣ್ಣೆ ಅಂಟಿನೊಳಗೆ ಇಳಿದು ಅದನ್ನು ಸಡಿಲ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೋಪಿನಿಂದ ತೊಳೆಯಿರಿ.

ಒಟ್ಟಿನಲ್ಲಿ

"ಲೇಬಲ್ ಕಿತ್ತು ಬಂದರೆ ನಕಲಿ" ಎಂಬುದು ತಪ್ಪು. ಲೇಬಲ್ ಏಳಲು ಚಳಿ, ಬೆವರು, ಬಿಸಿಲು, ಬಾಟಲಿಯ ಆಕಾರ ಯಾವುದೂ ಕಾರಣವಾಗಬಹುದು. ಮೂಲೆ ಎದ್ದಿದ್ದರೆ ಹೆಸರು, ದಿನಾಂಕ, ಬ್ಯಾಚ್ ಓದಲು ಬರುತ್ತದೆಯೇ ನೋಡಿ, ಟೇಪ್ ಸುತ್ತಿ ಭದ್ರಪಡಿಸಿ. ಲೇಬಲ್ ಪೂರ್ತಿ ಹೋಗಿದ್ದು ಒಳಗೇನಿದೆ ಎಂದು ಖಚಿತವಿಲ್ಲದಿದ್ದರೆ ಬಳಸಬೇಡಿ, ಔಷಧ ಅಂಗಡಿಯವರನ್ನು ಅಥವಾ ವೈದ್ಯರನ್ನು ಕೇಳಿ. ಗಾಬರಿಯಲ್ಲಿ ಮಗುವಿನ ಅಥವಾ ಹಿರಿಯರ ಔಷಧವನ್ನು ನೀವಾಗಿ ನಿಲ್ಲಿಸುವುದು, ಎದ್ದ ಲೇಬಲ್‌ಗಿಂತ ಹೆಚ್ಚು ಅಪಾಯಕಾರಿ.

ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಅದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಇದನ್ನು ಕಳಿಸಿ.